ಇಲಿತಾಯಿಗೂ ಒಂದು ಬಿಡುವು

ಇಲಿ ಎಂದರೆ ನಮಗೆ ಕಣಜ ಕೊರೆಯುವ ವೈರಿ. ಗಣಪತಿಯ ಪಾದದ ಬಳಿ ಕುಳಿತಾಗ ಮಾತ್ರ ಪೂಜ್ಯ. ಇಂಥ ಇಲಿಯನ್ನು ಬೇಕೆಂದೇ ಸಾಕುವವರಿದ್ದಾರೆಂದು ವರ್ಗದಲ್ಲಿ ಹೇಳಿದಾಗ ಮಕ್ಕಳು ನಕ್ಕರು. ಆದರೆ ಸರ್ಪೋದ್ಯಾನದ ಹಾವುಗಳಿಗೂ ಹೊಟ್ಟೆಯಿದೆ. ಅದಕ್ಕಾಗಿ ಬಿಳಿ ಇಲಿಗಳನ್ನು ಪಂಜರದಲ್ಲಿ ಬೆಳೆಸುತ್ತಾರೆ. ಹಾವು ಬದುಕಲು ಇಲಿ ಸಾಯಬೇಕು. ಅದು ಸೃಷ್ಟಿಯ ನಿಯಮ. ಆ ಬಗೆಗೆ ನನ್ನ ತಕರಾರಿಲ್ಲ. ಆ ಮರಿಗಳನ್ನು ಹೆತ್ತುಕೊಡುವ ತಾಯಿಯ ಪಾಡೇನು ಎಂಬುದೇ ನನ್ನ ಪ್ರಶ್ನೆ.

ಲೆಕ್ಕ ನೋಡಿರಿ. ಹೆಣ್ಣಿಲಿ ಗಬ್ಬವಾಗಿರುವುದು 21ರಿಂದ 23 ದಿನ. ಒಂದು ಸೂಲಿಗೆ ಎಂಟು-ಹತ್ತು ಮರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಮರಿಗಳು ಮೂರು ವಾರ ತಾಯಿಯ ಹಾಲು ಕುಡಿಯುತ್ತವೆ. ಆದರೆ ಈದ 24 ತಾಸಿನೊಳಗೇ ತಾಯಿ ಮತ್ತೆ ಬೆದೆಗೆ ಬರುತ್ತದೆ. ಗಂಡಿಲಿ ಅದೇ ಪಂಜರದಲ್ಲಿದ್ದರೆ, ಒಂದು ಹಿಂಡು ಮರಿಗಳಿಗೆ ಹಾಲೂಡಿಸುತ್ತಲೇ ಇನ್ನೊಂದು ಹಿಂಡನ್ನು ಹೊಟ್ಟೆಯಲ್ಲಿ ಹೊರಬೇಕಾಗುತ್ತದೆ. ಲೋಭಿಗೆ ಇದು ಲಾಭವೆನಿಸಬಹುದು. ಹೀಗೆಯೇ ಸಾಗಿದರೆ ತಾಯಿ ಸೊರಗುತ್ತದೆ, ಮರಿಗಳೂ ಬಡಕಲಾಗುತ್ತವೆ.

ತಿಳಿದವನು ಈಯುವ ಮೊದಲೇ ಗಂಡನ್ನು ಬೇರೆ ಮಾಡುತ್ತಾನೆ. ಹೆಣ್ಣುಗಳನ್ನು ಮೂರು ಗುಂಪು ಮಾಡುತ್ತಾನೆ: ಗಬ್ಬವಾದವು, ಹಾಲೂಡಿಸುವವು, ದಣಿವಾರಿಸಿಕೊಳ್ಳುವವು. ಪ್ರತಿಯೊಂದರ ಹುಟ್ಟಿದ ದಿನ, ಈದ ದಿನ, ಮರಿಗಳ ಸಂಖ್ಯೆಯನ್ನು ವಹಿಯಲ್ಲಿ ಬರೆದಿಡುತ್ತಾನೆ. ಪಾಳಿ ಸರಿಯಾಗಿ ನಡೆದರೆ ಮರಿಗಳಿಗೂ ಕೊರತೆಯಿಲ್ಲ, ತಾಯಿಗೂ ಬಿಡುವು. ಮರಿಗಳ ಸಂಖ್ಯೆ ಇಳಿಯತೊಡಗಿದಾಗ, ಸಾಮಾನ್ಯವಾಗಿ ವರ್ಷ ತುಂಬುವ ಹೊತ್ತಿಗೆ, ಅದಕ್ಕೆ ನಿವೃತ್ತಿ. ಒಳ್ಳೆಯ ತಾಯಿಯ ಮಗಳು ಆ ಸ್ಥಾನಕ್ಕೆ ಬರುತ್ತದೆ.

ನಿವೃತ್ತಿಯಾದ ಮೇಲೇನು? ಹಲವರು ಅದನ್ನೂ ದೊಡ್ಡ ಹಾವಿಗೆ ಹಾಕುತ್ತಾರೆ. ಇಲಿಯ ಆಯುಷ್ಯ ಎರಡು-ಮೂರು ವರ್ಷ. ಅಂದರೆ ಅರ್ಧ ಬಾಳು ಇನ್ನೂ ಉಳಿದಿರುತ್ತದೆ. “ದುಡಿಯದ ಪ್ರಾಣಿಗೆ ಕಾಳು ಹಾಕುವವರಾರು?” ಎಂದು ಕೇಳುವವರ ಮಾತು ಸುಳ್ಳಲ್ಲ. ಬಡತನದ ಬಿಸಿ ನನಗೂ ಗೊತ್ತು. ಚಿಕ್ಕಂದಿನಲ್ಲಿ ನಮ್ಮ ಮನೆಯ ಆಡಿನ ಮರಿಗಳನ್ನು ಮಾರಿಯೇ ನನಗೆ ಕನ್ನಡ, ಮರಾಠಿ ಪುಸ್ತಕಗಳು ಬಂದವು. ಆಡು ಮುದಿಯಾದಾಗ ತಂದೆ ಅದನ್ನು ಸಂತೆಗೆ ಒಯ್ದರು. ಹಗ್ಗ ಹಿಡಿದು ನಡೆದವನು ನಾನೇ. ಆ ವಾರ ಮನೆಯಲ್ಲಿ ಜೋಳವಿರಲಿಲ್ಲ. ತಂದೆಯನ್ನು ನಾನು ದೂರಲಾರೆ. ಆದರೆ ಒಂದು ಮಾತು ಇಂದಿಗೂ ಚುಚ್ಚುತ್ತದೆ: ಸಾಲದ ಅವಸರದಲ್ಲಿ ಅದಕ್ಕೆ ಒಂದು ಸೂಲಿಗೂ ಇನ್ನೊಂದಕ್ಕೂ ನಡುವೆ ನಾವು ಬಿಡುವನ್ನೇ ಕೊಟ್ಟಿರಲಿಲ್ಲ. ಮುದಿತನ ಬೇಗ ಬಂದದ್ದಕ್ಕೆ ಅದೂ ಒಂದು ಕಾರಣವಿರಬೇಕು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಇಲಿಯಿರಲಿ, ಆಡಿರಲಿ, ಮುದಿಯಾದ ಮೇಲೆ ಸಾಕಲು ಸಾಧ್ಯವಿರುವಷ್ಟನ್ನೇ ಈಯಿಸಬೇಕು. ಅದೂ ಆಗದಿದ್ದರೆ, ಇರುವಷ್ಟು ದಿನವಾದರೂ ಬಿಡುವು ಕೊಟ್ಟು ದುಡಿಸಿಕೊಳ್ಳಬೇಕು. ಬಾಣಂತಿಯನ್ನು ಬೆಚ್ಚಗಿಟ್ಟು ಕಾಯುವ ನಮ್ಮ ಜನಕ್ಕೆ ಇದನ್ನು ಬೇರೆಯವರು ಕಲಿಸಬೇಕಾಗಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯಲ್ಲಿ ಆಡಿದ್ದರೆ ಹಳೆಯ ವಹಿಯೊಂದರಲ್ಲಿ ಅದು ಈದ ದಿನವನ್ನು ಬರೆದಿಡಿರಿ. ಆಡಿನ ಗರ್ಭ ಐದು ತಿಂಗಳದು. ಮುಂದಿನ ಪಾಳಿ ಯಾವಾಗ ಎಂದು ಪಾಲಕರೊಡನೆ ಕುಳಿತು ಲೆಕ್ಕ ಹಾಕಿರಿ. ಶಾಲೆಯಲ್ಲಿ ಕಲಿತ ಗಣಿತಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ತೋಚದು.