ಎರಡು ಬೆರಳುಗಳ ಗಿಟಾರು

ಗಿಟಾರು ವಾದಕರಲ್ಲಿ ಶ್ರೇಷ್ಠರಾರು ಎಂಬ ಪ್ರಶ್ನೆಯೆದ್ದಲ್ಲಿ ರಸಿಕರೊಳಗೆ ಒಮ್ಮತವೆಂಬುದು ಕನಸಿನ ಮಾತು. ಜಾಸ್ ಸಂಗೀತಕ್ಕೆ ಮನಸೋತವನು ಕೊಂಡಾಡುವ ಹೆಸರು ರಾಗಪ್ರಿಯನ ಕಿವಿಗೆ ಬಿದ್ದಿರುವುದೇ ಅಪರೂಪ. ಆದರೂ ಎಲ್ಲ ಸಂಪ್ರದಾಯಗಳಿಗೂ ಕಿವಿಗೊಡುವ ರಸಿಕನೊಬ್ಬ ತನ್ನ ಮೆಚ್ಚಿನವರನ್ನು ಎಣಿಸಹೊರಟರೆ, ಮೊದಲ ಬೆರಳನ್ನು ಜಾಂಗೊ ರೈನ್‌ಹಾರ್ಟನಿಗಾಗಿ ಮಡಿಸಿದರೆ ತಪ್ಪಲ್ಲ.

1910ರಲ್ಲಿ ಬೆಲ್ಜಿಯಂ ದೇಶದಲ್ಲಿ ಜನಿಸಿದ ಈತ ಅಲೆಮಾರಿ ರೋಮಾ ಜನಾಂಗದವನು, ಗಾಡಿಯೇ ಮನೆ. 1928ರ ನವೆಂಬರಿನ ಒಂದು ರಾತ್ರಿ, ಹೆಂಡತಿ ಮಾರಾಟಕ್ಕೆಂದು ಮಾಡಿಟ್ಟಿದ್ದ ಸೆಲ್ಯುಲಾಯ್ಡ್ ಹೂಗಳಿಗೆ ಮೇಣದಬತ್ತಿಯ ಉರಿ ತಾಗಿ ಆ ಮನೆ ಹೊತ್ತಿಕೊಂಡಿತು. ಎಡಗೈಯ ಉಂಗುರದ ಬೆರಳೂ ಕಿರುಬೆರಳೂ ಸುಟ್ಟು ಮುರುಟಿಹೋದವು. ತಂತಿಯನ್ನು ಒತ್ತಬೇಕಾದ ಕೈ ಅದೇ! ಆಗ ಆತನಿಗೆ ಹದಿನೆಂಟು ವರ್ಷ. ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದುಕೊಂಡೇ, ಉಳಿದೆರಡು ಬೆರಳುಗಳಿಗೆ ಹೊಸ ಪಾಠವನ್ನು ಆತ ತಾನೇ ಕಲಿಸಿದ. 1934ರಲ್ಲಿ ಪ್ಯಾರಿಸ್ಸಿನಲ್ಲಿ ಪಿಟೀಲು ವಾದಕ ಸ್ಟೆಫಾನ್ ಗ್ರಪೆಲಿಯೊಡನೆ ಕಟ್ಟಿದ ಮೇಳದ ಧ್ವನಿಮುದ್ರಿಕೆಗಳನ್ನು ಕೇಳಿದವರು, ನುಡಿಸುತ್ತಿರುವುದು ಎರಡೇ ಬೆರಳೆಂದರೆ ನಂಬಲಾರರು. ಸ್ವರಲಿಪಿ ಓದಲು ಬಾರದ ಈ ಕಲಾವಿದ 1953ರಲ್ಲಿ ತೀರಿಕೊಂಡ.

ಸ್ಪೇನಿನ ಆಂದ್ರೇಸ್ ಸೆಗೋವಿಯನ ಹೋರಾಟ ಬೇರೆ ಬಗೆಯದು. ಪಾನಗೃಹದ ವಾದ್ಯವೆಂದು ಪಂಡಿತರು ಹಳಿದಿದ್ದ ಗಿಟಾರಿನಲ್ಲಿ ಆತ 1935ರಲ್ಲಿ, ಬಾಖ್ ಒಂಟಿ ಪಿಟೀಲಿಗೆಂದು ರಚಿಸಿದ್ದ ‘ಶಕಾನ್’ ಅನ್ನು ಪ್ಯಾರಿಸ್ ಸಭೆಯ ಮುಂದೆ ನುಡಿಸಿದ. ಅಮೆರಿಕದ ಚಾರ್ಲಿ ಕ್ರಿಶ್ಚಿಯನ್ ವಿದ್ಯುತ್ ಗಿಟಾರಿನಿಂದ, ಕಹಳೆಗಳ ಅಬ್ಬರದ ನಡುವೆಯೂ ತಂತಿಯ ದನಿ ಕೇಳುವಂತೆ ಮಾಡಿದ. 1942ರಲ್ಲಿ, ಇಪ್ಪತ್ತೈದರ ಹರೆಯದಲ್ಲೇ ಕ್ಷಯಕ್ಕೆ ಬಲಿಯಾದ.

ಇನ್ನು ಭಾರತೀಯ ಸಂಗೀತದ ಮಾತು. ಇಲ್ಲಿ ಸ್ವರದಿಂದ ಸ್ವರಕ್ಕೆ ನೆಗೆಯುವಂತಿಲ್ಲ, ಜಾರಬೇಕು. ಆ ಜಾರು ಬಾರದೆಂಬ ದೋಷಕ್ಕಾಗಿಯೇ ಹಾರ್ಮೋನಿಯಮ್ಮನ್ನು 1940ರಿಂದ ಮೂರು ದಶಕಗಳ ಕಾಲ ಆಕಾಶವಾಣಿ ಹೊರಗಿಟ್ಟಿತ್ತು. ಕದಲದ ಮೆಟ್ಟುಗಳ ಗಿಟಾರಿಗೂ ಅದೇ ಗತಿ ಎನ್ನುವವರಿಗೆ ಜೋಧಪುರದ ಬ್ರಿಜ್ ಭೂಷಣ್ ಕಾಬ್ರಾ ಉತ್ತರವಿತ್ತರು. ಹವಾಯಿ ದ್ವೀಪದ ಪದ್ಧತಿಯಂತೆ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳನ್ನು ಎತ್ತರಿಸಿ, ಅವುಗಳ ಮೇಲೆ ಉಕ್ಕಿನ ತುಂಡನ್ನು ಹರಿಯಗೊಟ್ಟರೆ ಮೆಟ್ಟಿನ ಗೊಡವೆಯೇ ಇಲ್ಲ! ಅವರ ಗುರು ಅಲಿ ಅಕ್ಬರ್ ಖಾನರು ನುಡಿಸುತ್ತಿದ್ದ ಸರೋದಿಗೂ ಮೆಟ್ಟುಗಳಿಲ್ಲವೆಂಬುದು ನೆನಪಿಡತಕ್ಕ ಸಂಗತಿ. ಶಿವಕುಮಾರ ಶರ್ಮರ ಸಂತೂರು, ಹರಿಪ್ರಸಾದ ಚೌರಾಸಿಯಾರ ಕೊಳಲುಗಳೊಡನೆ 1967ರಲ್ಲಿ ಹೊರಬಂದ ‘ಕಾಲ್ ಆಫ್ ದಿ ವ್ಯಾಲಿ’ ಮುದ್ರಿಕೆಯಲ್ಲಿ ಅವರ ಮೀಂಡನ್ನು ಇಂದಿಗೂ ಕೇಳಬಹುದು. ಕಾಬ್ರಾ 2018ರಲ್ಲಿ ಗತಿಸಿದರು. ಅದೇ ಹಾದಿಯಲ್ಲಿ ವಿಶ್ವಮೋಹನ ಭಟ್ಟರು ಗಿಟಾರಿಗೆ ಅನುರಣನದ ತಂತಿಗಳನ್ನು ಬಿಗಿದು ಮೋಹನವೀಣೆಯೆಂದು ಹೆಸರಿಟ್ಟರು. ಅದಕ್ಕೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಸಂದಿತು. ಅದು ಗಿಟಾರೋ ವೀಣೆಯೋ ಎಂಬ ಜಗಳ ಮಾತ್ರ ರಸಿಕರಲ್ಲಿ ಇನ್ನೂ ಮುಗಿದಿಲ್ಲ.