ಪರದೆ ಹೇಳಿತು, ಹಿಡಿದೆವು

2022ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಒಂದು ಪ್ರಕರಣ ಬಂತು. ವಾರಂಟ್ ಇದ್ದದ್ದು ಒಬ್ಬನ ಮೇಲೆ, ಪೊಲೀಸರು ಹಿಡಿದು ತಂದದ್ದು ಇನ್ನೊಬ್ಬನನ್ನು. ಇಬ್ಬರ ಅಪ್ಪಂದಿರ ಹೆಸರು ಒಂದೇ, ಅಷ್ಟೇ ಕಾರಣ. ಹಳೇ ಮೈಸೂರಿನ ಯಾವ ಊರಿನಲ್ಲಿ ನಿಂತು ‘ಸಿದ್ದೇಗೌಡ್ರೇ’ ಎಂದು ಕೂಗಿದರೂ ನಾಲ್ಕು ಮನೆಯಿಂದ ಓಗೊಡುತ್ತಾರೆ. ಧಾರವಾಡದ ಕಡೆ ಮಲ್ಲಪ್ಪನನ್ನು ಕರೆದರೂ ಅದೇ ಕಥೆ. ಬಂಧಿಸುವ ಮುನ್ನ ಈತ ಯಾರೆಂದು ಖಚಿತ ಮಾಡಿಕೊಳ್ಳಬೇಕಾದ್ದು ಪೊಲೀಸರ ಹೊಣೆ ಎಂದ ಹೈಕೋರ್ಟ್, 5 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು.

ಆಗಿನ್ನೂ ಇ-ವಾರಂಟ್ ಕಾನೂನಿನ ಪುಸ್ತಕಕ್ಕೆ ಬಂದಿರಲಿಲ್ಲ. 2024ರ ಜುಲೈ 1ರಿಂದ ಬಂದಿದೆ. ಅಂದು ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 530ನೇ ಕಲಂ ಪ್ರಕಾರ ಸಮನ್ಸ್ ಮತ್ತು ವಾರಂಟ್‌ಗಳನ್ನು ಹೊರಡಿಸುವುದು, ತಲುಪಿಸುವುದು, ಜಾರಿ ಮಾಡುವುದು ಎಲ್ಲವೂ ಎಲೆಕ್ಟ್ರಾನಿಕ್ ವಿಧಾನದಲ್ಲೇ ನಡೆಯಬಹುದು. ಒಳ್ಳೆಯದೇ. ಕೋರ್ಟಿನಿಂದ ಠಾಣೆಗೆ ವಾರಂಟ್ ಕಟ್ಟು ಹೊತ್ತು ಓಡಾಡುವ ಕಾನ್‌ಸ್ಟೆಬಲ್‌ಗೆ ಬಿಡುವು ಸಿಕ್ಕರೆ ಯಾರಿಗೇನು ಸಂಕಟ? ನಮ್ಮ ಆತಂಕ ಬೇರೆ. ವಾರಂಟ್ ಪರದೆಗೆ ಏರಿದೆ. ಅದನ್ನು ನಂಬಿ ತಪ್ಪು ಮಾಡಿದವರನ್ನು ಕಾಯುವ ರಕ್ಷಣೆ ಇದ್ದ ಹಾಗೇ ಇದೆ. ಆ ರಕ್ಷಣೆಗೆ ಕಾನೂನು ಕಟ್ಟಿದ್ದ ಷರತ್ತನ್ನು ಮಾತ್ರ ಸದ್ದಿಲ್ಲದೆ ಮರೆಯುತ್ತಿದ್ದೇವೆ.

ರಕ್ಷಣೆ ಒಂದೆರಡಲ್ಲ. 1850ರ ನ್ಯಾಯಿಕ ಅಧಿಕಾರಿಗಳ ಸಂರಕ್ಷಣಾ ಕಾಯಿದೆ ವಾರಂಟ್ ಜಾರಿ ಮಾಡಿದವರನ್ನು ಸಿವಿಲ್ ದಾವೆಯಿಂದ ಕಾಯುತ್ತದೆ. ಭಾರತೀಯ ನ್ಯಾಯ ಸಂಹಿತೆಯ 14 ಮತ್ತು 17ನೇ ಕಲಂಗಳು, ಸಂಗತಿಯನ್ನು ತಪ್ಪಾಗಿ ತಿಳಿದು ಸದ್ಭಾವನೆಯಿಂದ ನಡೆದುಕೊಂಡವರನ್ನು ಅಪರಾಧಿ ಎನ್ನುವುದಿಲ್ಲ. ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕು ಎನ್ನುವ ಬೇಲಿ ಬೇರೆ. ನಮ್ಮಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಯ 170ನೇ ಕಲಂ ಕೂಡ ಆ ಬೇಲಿಗೆ ಮುಳ್ಳು ಸೇರಿಸುತ್ತದೆ. ಕೃತ್ಯ ಅಧಿಕಾರ ಮೀರಿದ್ದಾದರೂ ಕರ್ತವ್ಯದ ಜೊತೆ ಅದಕ್ಕೆ ನ್ಯಾಯವಾದ ನಂಟಿದ್ದರೆ ಅನುಮತಿ ಬೇಕೇ ಬೇಕು ಎಂದು 2020ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇವು ಬೇಡ ಎಂದು ನಾವು ಹೇಳುತ್ತಿಲ್ಲ. ನ್ಯಾಯಾಧೀಶರ ಆದೇಶ ಸರಿಯೋ ತಪ್ಪೋ ಎಂದು ಪೇದೆಯೊಬ್ಬ ತೀರ್ಮಾನಿಸುತ್ತಾ ಕೂತರೆ ಕೋರ್ಟುಗಳಿಗೆ ಬೀಗ ಹಾಕಬೇಕಾಗುತ್ತದೆ.

ಆದರೆ 1860ರ ದಂಡ ಸಂಹಿತೆ ಬರೆದವರು ಜಾಣರು. 76ನೇ ಕಲಮಿನ ಕೆಳಗೆ ಅವರು ಒಂದು ಉದಾಹರಣೆ ಕೊಟ್ಟರು. ಹೊಸ ನ್ಯಾಯ ಸಂಹಿತೆಯ 14ನೇ ಕಲಂ ಅದನ್ನೇ ಉಳಿಸಿಕೊಂಡಿದೆ. ಒಬ್ಬನನ್ನು ಬಂಧಿಸಲು ಕೋರ್ಟ್ ಹೇಳುತ್ತದೆ. ಅಧಿಕಾರಿ ತಕ್ಕ ವಿಚಾರಣೆ ಮಾಡಿದ ಮೇಲೆ, ಇವನೇ ಅವನೆಂದು ನಂಬಿ ಬೇರೊಬ್ಬನನ್ನು ಬಂಧಿಸುತ್ತಾನೆ. ಅದು ಅಪರಾಧವಲ್ಲ. ‘ತಕ್ಕ ವಿಚಾರಣೆ ಮಾಡಿದ ಮೇಲೆ’ ಎಂಬ ಆ ಮೂರು ನಾಲ್ಕು ಪದಗಳಲ್ಲೇ ಇಡೀ ರಕ್ಷಣೆಯ ಜೀವವಿದೆ. ತಕ್ಕ ಎಚ್ಚರ, ಗಮನ ಇಲ್ಲದೆ ಮಾಡಿದ ಯಾವುದೂ ಸದ್ಭಾವನೆಯಿಂದ ಮಾಡಿದ್ದಲ್ಲ ಎಂದೂ ಅದೇ ಕಾನೂನು ಹೇಳುತ್ತದೆ. ಕೀಲಿಮಣೆ ಒತ್ತಿ ಹೆಸರು ಬಂತೇ ಎಂದು ನೋಡುವುದು ತಕ್ಕ ವಿಚಾರಣೆ ಎನಿಸಿಕೊಂಡ ದಿನ, ಆ ಉದಾಹರಣೆಯನ್ನು ಪುಸ್ತಕದಿಂದ ಹರಿದು ಹಾಕಬಹುದು.

ಎಡವಟ್ಟು ಎಲ್ಲಿ ಆಗುತ್ತದೆ ಎಂಬುದು ಕೋರ್ಟಿನ ಕಟ್ಟೆ ಹತ್ತಿದ ಎಲ್ಲರಿಗೂ ಗೊತ್ತು. ಚೆಕ್ ಬೌನ್ಸ್ ಕೇಸಿನ ಆರೋಪಿ ಒಂದು ವಾಯಿದೆಗೆ ಬರಲಿಲ್ಲ, ಜಾಮೀನುರಹಿತ ವಾರಂಟ್ ಹೊರಟಿತು. ವಕೀಲರು ಅರ್ಜಿ ಹಾಕಿದರು, ಆರೋಪಿ ಕಟಕಟೆಗೆ ಬಂದು ಕೈಮುಗಿದ, ವಾರಂಟ್ ರೀಕಾಲ್ ಆಯಿತು. ಅವನ ಪಾಲಿಗೆ ಕಥೆ ಮುಗಿಯಿತು. ರೀಕಾಲ್ ಆದದ್ದು ಆರ್ಡರ್ ಶೀಟಿನಲ್ಲಿದೆ. ಅದು ಠಾಣೆಗೆ ಹೋಗಬೇಕು, ಅಲ್ಲಿನ ದಾಖಲೆಯಲ್ಲಿ ವಾರಂಟಿನ ಮೇಲೆ ಗೀಟು ಬೀಳಬೇಕು. ವಾರಂಟ್ ಹೊರಡಿಸಲು ಇರುವ ಅವಸರ ವಾಪಸ್ ಪಡೆದದ್ದನ್ನು ತಿಳಿಸಲು ಇರುವುದಿಲ್ಲ. ರದ್ದಾಗುವವರೆಗೆ ಅಥವಾ ಜಾರಿಯಾಗುವವರೆಗೆ ವಾರಂಟಿಗೆ ಆಯಸ್ಸಿದೆ ಎನ್ನುತ್ತದೆ ಕಾನೂನು. ಕಾಗದದ ವಾರಂಟ್ ಒಂದು ಠಾಣೆಯ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಗಣಕಯಂತ್ರದಲ್ಲಿ ಸತ್ತ ವಾರಂಟಿಗೆ ಧೂಳು ಹಿಡಿಯುವುದಿಲ್ಲ. ನಿನ್ನೆ ಹುಟ್ಟಿದ್ದರ ಹಾಗೆ ಹೊಳೆಯುತ್ತಿರುತ್ತದೆ, ಎಲ್ಲಿ ಕೂತು ನೋಡಿದರೂ ಕಾಣುತ್ತದೆ.

ಅಮೆರಿಕ ಈ ದಾರಿಯಲ್ಲಿ ನಮಗಿಂತ ಬಹಳ ಮುಂದೆ ಹೋಗಿದೆ. ಎಲ್ಲಿಗೆ ಮುಟ್ಟಿದೆ ಎಂದು ನೋಡಬಹುದು. 2004ರ ಜುಲೈನಲ್ಲಿ ಅಲಬಾಮಾ ರಾಜ್ಯದ ಒಬ್ಬಾತ ಜಪ್ತಿಯಾಗಿದ್ದ ತನ್ನ ಟ್ರಕ್ಕಿನಿಂದ ಏನೋ ತೆಗೆದುಕೊಳ್ಳಲು ತಾನಾಗಿ ಪೊಲೀಸ್ ಕಚೇರಿಗೆ ಬಂದ. ಅವನ ಮೇಲೆ ವಾರಂಟ್ ಇದೆಯೇ ಎಂದು ಪಕ್ಕದ ಕೌಂಟಿಯನ್ನು ಕೇಳಿದರು. ಅಲ್ಲಿನ ಕಂಪ್ಯೂಟರ್ ‘ಇದೆ’ ಎಂದಿತು. ಪ್ರತಿಯನ್ನು ಫ್ಯಾಕ್ಸ್ ಮಾಡಲು ಗುಮಾಸ್ತೆ ಕಡತ ಹುಡುಕಿದರೆ ಕಾಗದವೇ ಇಲ್ಲ. ಐದು ತಿಂಗಳ ಹಿಂದೆಯೇ ವಾಪಸಾಗಿತ್ತು. ಇದೆಲ್ಲ ತಿಳಿಯಲು ಹತ್ತು ಹದಿನೈದು ನಿಮಿಷ. ಅಷ್ಟರಲ್ಲಿ ಅವನನ್ನು ಬಂಧಿಸಿ, ಜೇಬಿನಿಂದ ಮಾದಕ ವಸ್ತು, ಗಾಡಿಯಿಂದ ಪಿಸ್ತೂಲು ತೆಗೆದಾಗಿತ್ತು. ಹೆರಿಂಗ್ ಪ್ರಕರಣವೆಂದೇ ಹೆಸರಾದ ಇದರಲ್ಲಿ 2009ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಆ ಸಾಕ್ಷ್ಯವನ್ನು ಒಪ್ಪಿತು: ಪೊಲೀಸರದ್ದು ಬಿಡಿ ಅಜಾಗ್ರತೆ, ಬೇಕೆಂದು ಮಾಡಿದ್ದಲ್ಲ. ಭಿನ್ನಮತ ಬರೆದ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್, ದತ್ತಾಂಶದ ತಪ್ಪು ವ್ಯಕ್ತಿ ಸ್ವಾತಂತ್ರ್ಯಕ್ಕೇ ಕುತ್ತು ಎಂದು ಎಚ್ಚರಿಸಿದ್ದರು. ನಮ್ಮ ಕಣ್ಣಿಗೆ ಬೀಳುವುದು ಬೇರೊಂದು ವಿವರ. ಕಂಪ್ಯೂಟರಿನ ಸುಳ್ಳು ಹೊರಬಿದ್ದದ್ದು ಯಾರೋ ಒಬ್ಬರು ಎದ್ದುಹೋಗಿ ಕಾಗದ ಹುಡುಕಿದ್ದರಿಂದ. ಕಾಗದವೇ ಇಲ್ಲದ ವ್ಯವಸ್ಥೆಯಲ್ಲಿ ಎದ್ದುಹೋಗಲು ಜಾಗವೇ ಇರುವುದಿಲ್ಲ.

ಇದರ ಮಧ್ಯೆ ‘ಡಿಜಿಟಲ್ ಅರೆಸ್ಟ್’ ಕಳ್ಳರು ನಕಲಿ ವಾರಂಟನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ನಿವೃತ್ತರ ಉಳಿತಾಯ ದೋಚುತ್ತಿದ್ದಾರೆ. ಪ್ರಧಾನಿಯೇ 2024ರ ಅಕ್ಟೋಬರಿನ ‘ಮನ್ ಕೀ ಬಾತ್’ನಲ್ಲಿ ಎಚ್ಚರಿಸಬೇಕಾಯಿತು. ಮೊಬೈಲಿಗೆ ಬಂದ ವಾರಂಟನ್ನು ನಂಬಬೇಡಿ ಎಂದು ಜನರಿಗೆ ಹೇಳುವ ಸರ್ಕಾರ, ಪರದೆಗೆ ಬಂದ ವಾರಂಟನ್ನು ನಂಬಿದ ಪೊಲೀಸರನ್ನು ಹೇಗೆ ಅಳೆಯುತ್ತದೆ? ಬಂಧನಕ್ಕೆ ಮುಂಚಿನ ಹಾಜರಾತಿ ನೋಟಿಸನ್ನು ವಾಟ್ಸ್ಆ್ಯಪ್‌ನಲ್ಲಿ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಖಡಾಖಂಡಿತವಾಗಿ ಹೇಳಿದೆ. ಬರೀ ನೋಟಿಸಿಗೆ ಅಷ್ಟು ಎಚ್ಚರ ಬೇಕಾದರೆ ಕೈಗೆ ಬೇಡಿ ಹಾಕಿಸುವ ವಾರಂಟಿಗೆ ಎಷ್ಟು ಬೇಕು!

ಮಾಡಬೇಕಾದ್ದು ರಾಕೆಟ್ ವಿಜ್ಞಾನವೇನಲ್ಲ. ಠಾಣೆಯಿಂದ ಜೀಪು ಹೊರಡುವ ಮುನ್ನ ವಾರಂಟ್ ಇವತ್ತಿಗೂ ಜೀವಂತ ಇದೆಯೇ ಎಂದು ಹೊರಡಿಸಿದ ಕೋರ್ಟಿನ ದಾಖಲೆಯಲ್ಲಿ ನೋಡಬೇಕು. ಯಾರು, ಎಷ್ಟು ಹೊತ್ತಿಗೆ ನೋಡಿದರು ಎಂಬುದು ಠಾಣಾ ಡೈರಿಯಲ್ಲಿ ಇರಬೇಕು. ಅಷ್ಟು ಮಾಡಿದ ಪೇದೆಗೆ ಕಾನೂನಿನ ಪೂರ್ತಿ ರಕ್ಷಣೆ ಸಿಗಲಿ, ಅವನ ಮೇಲೆ ಯಾರೂ ಬೆರಳು ತೋರಿಸದಿರಲಿ. ಅಷ್ಟನ್ನೂ ಮಾಡದವನಿಗೆ ಸದ್ಭಾವನೆಯ ಹೆಸರು ಹೇಳುವ ಹಕ್ಕಿಲ್ಲ. ರೀಕಾಲ್ ಆದ ದಿನವೇ ದಾಖಲೆ ತಿದ್ದದೆ ಬಿಟ್ಟ ಕೋರ್ಟ್ ಸಿಬ್ಬಂದಿಯೂ ಜವಾಬು ಹೇಳಬೇಕು. ಈಗಿನ ಏರ್ಪಾಟಿನಲ್ಲಿ ತಪ್ಪು ಠಾಣೆಗೂ ಕೋರ್ಟಿಗೂ ನಡುವಿನ ಬೀದಿಯಲ್ಲಿ ಅನಾಥವಾಗಿ ಬಿದ್ದಿರುತ್ತದೆ. ತಪ್ಪು ಬಂಧನಕ್ಕೆ ಒಳಗಾದವನು ಪರಿಹಾರಕ್ಕಾಗಿ ಹೈಕೋರ್ಟಿನ ಮೆಟ್ಟಿಲು ಹತ್ತುವ ಗತಿ ಬರಬಾರದು. ಗೃಹ ಇಲಾಖೆ ಇದನ್ನು ನಿಯಮವಾಗಿ ಬರೆಯಲಿ, ಇನ್ನೊಬ್ಬ ಸಿದ್ದೇಗೌಡರ ಮಗ ಲಾಕಪ್ಪಿಗೆ ಹೋಗುವ ಮುಂಚೆ.

ಓದುಗರಿಗೂ ಒಂದು ಮಾತು. ನಾಗರಿಕ ಸುರಕ್ಷಾ ಸಂಹಿತೆಯ 77ನೇ ಕಲಂ ಪ್ರಕಾರ, ವಾರಂಟ್ ಜಾರಿ ಮಾಡಲು ಬಂದವರು ಅದರ ಸಾರಾಂಶ ತಿಳಿಸಬೇಕು, ಕೇಳಿದರೆ ವಾರಂಟನ್ನು ತೋರಿಸಬೇಕು. ಯಾವ ಕೋರ್ಟು, ಕೇಸಿನ ನಂಬರ್ ಎಷ್ಟು, ಯಾವ ತಾರೀಕು ಎಂದು ಕೇಳಿ, ಬರೆದುಕೊಳ್ಳಿ, ನಿಮ್ಮ ವಕೀಲರಿಗೆ ತಿಳಿಸಿ. ಹಾಗೆ ಕೇಳುವುದು ಕರ್ತವ್ಯಕ್ಕೆ ಅಡ್ಡಿ ಅಲ್ಲ.