ಬೆಟ್ಟಕ್ಕೆ ಜಾತಿ ಇಲ್ವಂತೆ!

'ಬೆಟ್ಟಕ್ಕೆ ಜಾತಿ ಇಲ್ಲ, ಕಾಡಿಗೆ ಧರ್ಮ ಇಲ್ಲ' ಅಂತ ಬರೆದು, ಬೆನ್ನಿಗೆ ಬ್ಯಾಗು ಏರಿಸಿಕೊಂಡ ಫೋಟೊ ಹಾಕೋದು ಈಗ ಮಾಮೂಲಾಗಿದೆ. ಬಾಬಾಸಾಹೇಬರು ಇಡೀ ಜೀವ ಸವೆಸಿದ ಜಾತಿ ವಿನಾಶದ ಕೆಲಸವನ್ನ ಇವರು ಶನಿವಾರ-ಭಾನುವಾರದಲ್ಲಿ ಮುಗಿಸಿ, ಸೋಮವಾರ ಆಫೀಸಿಗೆ ಹೋಗ್ತಾರೆ. ಅಮೆರಿಕದಲ್ಲಿರೋ ನಮ್ಮ ಕನ್ನಡದ ಗೆಳೆಯರಂತೂ ಇದಕ್ಕೆ ಸಾಕ್ಷಿಯಾಗಿ ಅಪಲಾಚಿಯನ್ ಟ್ರೇಲ್ ತೋರಿಸ್ತಾರೆ. ಸರಿ, ಆ ದಾರಿಯನ್ನೇ ತಗೊಂಡು ಮಾತಾಡೋಣ ಬನ್ನಿ.

ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ಬೆಟ್ಟದವರೆಗೆ, 14 ರಾಜ್ಯ ದಾಟುವ ಸುಮಾರು 3,500 ಕಿಲೋಮೀಟರ್ ಕಾಲುದಾರಿ ಅದು. ಪೂರ್ತಿ ನಡೆಯೋಕೆ ಐದರಿಂದ ಏಳು ತಿಂಗಳು ಬೇಕು. ಹೊರಟ ನಾಲ್ಕು ಜನರಲ್ಲಿ ಹೆಚ್ಚುಕಮ್ಮಿ ಒಬ್ಬರು ಮಾತ್ರ ಕೊನೆ ಮುಟ್ತಾರೆ. ಮರಗಳ ಮೇಲಿನ ಬಿಳಿ ಪಟ್ಟೆ ನೋಡ್ಕೊಂಡು ನಡೀಬೇಕು. ಕಾಲಿಗೆ ಬೊಬ್ಬೆ, ಉದುರಿದ ಉಗುರು, ಉಣ್ಣೆ ಕಚ್ಚಿದರೆ ಲೈಮ್ ಕಾಯಿಲೆಯ ಭಯ. ಕರಡಿ ಬರುತ್ತೆ ಅಂತ ರಾತ್ರಿ ಊಟದ ಚೀಲವನ್ನ ಹಗ್ಗ ಕಟ್ಟಿ ಮರಕ್ಕೆ ನೇತುಹಾಕಬೇಕು. ಮಲಗೋಕೆ ಮೂರು ಗೋಡೆಯ ಮರದ ತಂಗುದಾಣ, ಪಕ್ಕದಲ್ಲಿ ಇಲಿಗಳ ಓಡಾಟ. ಕಷ್ಟದ ಬದುಕು ಅನ್ನೋದರಲ್ಲಿ ಅನುಮಾನ ಬೇಡ.

ಅಲ್ಲಿ ಚೆಂದದ ಸಂಗತಿಗಳೂ ಇವೆ, ಅದನ್ನೂ ಹೇಳಬೇಕು. 250ಕ್ಕೂ ಹೆಚ್ಚು ತಂಗುದಾಣಗಳಲ್ಲಿ ಬಹುತೇಕ ಯಾವುದಕ್ಕೂ ಬಾಗಿಲಿಲ್ಲ, ಬೀಗವಿಲ್ಲ. ಮೊದಲು ಬಂದವರು ಮಲಗ್ತಾರೆ, ಮಳೆ ಬಂದರೆ ಒತ್ತರಿಸಿಕೊಂಡು ಇನ್ನೊಬ್ಬರಿಗೆ ಜಾಗ ಮಾಡ್ತಾರೆ. ದಾರಿಬದಿಯ ಊರಿನವರು ನಡೆಯುವವರಿಗೆ ಅಂತ ಹಣ್ಣು, ತಿಂಡಿ, ತಂಪು ಪಾನೀಯ ಇಟ್ಟು ಹೋಗ್ತಾರೆ. ಬುಗ್ಗೆಯ ನೀರನ್ನ ಯಾರು ಬೇಕಾದರೂ ಬಗ್ಗಿ ಕುಡಿಯಬಹುದು. ಹುಟ್ಟಿದಾಗಿನ ಹೆಸರು ಬಿಟ್ಟು, ಜೊತೆಗಾರರು ಇಟ್ಟ ಹೊಸ ಹೆಸರಲ್ಲಿ ಆರು ತಿಂಗಳು ಬದುಕ್ತಾರೆ. ಮುಟ್ಟದ ನೀರು, ಕೂರಿಸದ ಜಗಲಿ, ಹೆಸರು ಕೇಳುವ ನೆಪದಲ್ಲಿ ಜಾತಿ ಕೆದಕುವ ಬಾಯಿ, ಇವನ್ನೆಲ್ಲ ಕಂಡ ನಮಗೆ ಇದರ ಬೆಲೆ ಗೊತ್ತಾಗದೆ ಇರುತ್ತಾ?

ಆದರೆ ಈ ಸಮಾನತೆ ಕೊಟ್ಟಿದ್ದು ಬೆಟ್ಟವಾ? ನನ್ನ ತಕರಾರು ಇರೋದು ಇಲ್ಲೇ.

1921ರಲ್ಲಿ ಬೆಂಟನ್ ಮೆಕೈ ಅನ್ನೋರು ಈ ದಾರಿಯ ಯೋಜನೆ ಬರೆದರು. ಸ್ವಯಂಸೇವಕರು ವರ್ಷಗಟ್ಟಲೆ ಪೊದೆ ಕಡಿದು, ಕಲ್ಲು ಜೋಡಿಸಿ 1937ರಲ್ಲಿ ಅದನ್ನ ಮುಗಿಸಿದರು. 1968ರಲ್ಲಿ ಸಂಸತ್ತು ಕಾನೂನು ಮಾಡಿ ಅದಕ್ಕೆ ರಾಷ್ಟ್ರೀಯ ರಕ್ಷಣೆ ಕೊಟ್ಟಿತು. ಇವತ್ತಿಗೂ ತಂಗುದಾಣದ ಚಾವಣಿ ಸೋರಿದರೆ ರಿಪೇರಿ ಮಾಡೋದು ಮನುಷ್ಯರೇ. ದುಡಿಮೆ, ದುಡ್ಡು, ಕಾನೂನು ಮೂರೂ ಸೇರಿ ಕಟ್ಟಿದ ವ್ಯವಸ್ಥೆ ಇದು. ತಾನಾಗೇ ಬೆಳೆದ ಕಾಡುಹೂವಲ್ಲ.

ಅದೇ ಬೆಟ್ಟದಲ್ಲಿ ಅದೇ ಮನುಷ್ಯರು ಬೇರೆ ವ್ಯವಸ್ಥೆಯನ್ನೂ ಕಟ್ಟಿದ್ದರು. ಈ ದಾರಿಯ ಸುಮಾರು 160 ಕಿಲೋಮೀಟರ್ ವರ್ಜೀನಿಯಾದ ಶೆನಾಂಡೋವಾ ರಾಷ್ಟ್ರೀಯ ಉದ್ಯಾನದೊಳಗೆ ಹೋಗುತ್ತೆ. 1935ರಲ್ಲಿ ಆ ಉದ್ಯಾನ ಸ್ಥಾಪನೆ ಆಯಿತು. ಅದಕ್ಕಾಗಿ ಬೆಟ್ಟದ ಮೇಲೆ ಬದುಕಿದ್ದ ನೂರಾರು ಬಡ ಕುಟುಂಬಗಳನ್ನ ಎತ್ತಂಗಡಿ ಮಾಡಿದರು. 'ಉದ್ಯಾನ' ಅನ್ನೋ ಪದ ಕೇಳಿದರೆ ನಾಗರಹೊಳೆಯ ಜೇನು ಕುರುಬರಿಗೆ ಹೊಟ್ಟೆಯಲ್ಲಿ ಏನಾಗುತ್ತೆ ಅಂತ ಕೇಳಿ ನೋಡಿ, ಇದು ಅರ್ಥ ಆಗುತ್ತೆ. 1939ರಲ್ಲಿ ಅದೇ ಉದ್ಯಾನದ ಲೂಯಿಸ್ ಮೌಂಟನ್ ಅನ್ನೋ ಜಾಗದಲ್ಲಿ ಕಪ್ಪು ಜನರಿಗೇ ಅಂತ ಬೇರೆ ಶಿಬಿರ ತೆರೆದರು. 'ಇದು ನೀಗ್ರೋಗಳ ಪ್ರದೇಶ' ಅಂತ ಸರ್ಕಾರಿ ಬೋರ್ಡೇ ಇತ್ತು. ನಮ್ಮ ಊರಾಚೆಯ ಕೇರಿ ಇದ್ದ ಹಾಗೆ. ಹಾದು ಹೋಗುವ ಟ್ರೇಲು ಅದೇ, ಮಂಜು ಅದೇ, ಓಕ್ ಮರಗಳೂ ಅವೇ. ಬೆಟ್ಟ ಅದನ್ನ ಯಾಕೆ ತಡೀಲಿಲ್ಲ ಸ್ವಾಮಿ?

ತಡೆದದ್ದು ಹೋರಾಟ. ಕಪ್ಪು ಜನರ ಒತ್ತಾಯ ಇತ್ತು. ಸರ್ಕಾರದೊಳಗೆ ವಿಲಿಯಂ ಟ್ರೆಂಟ್ ಎಂಬ ಕಪ್ಪು ಅಧಿಕಾರಿ ಮಂತ್ರಿಯ ಬೆನ್ನು ಬಿಡದೆ ವಾದ ಮಾಡಿದರು. ಮಹಾಯುದ್ಧ ಮುಗಿದ ಮೇಲೆ ಪ್ರತ್ಯೇಕತೆ ತೆಗೆಯೋ ಆದೇಶ ಬಂತು, ಅದು ಪೂರ್ತಿ ಜಾರಿ ಆಗೋ ಹೊತ್ತಿಗೆ 1950.

ಅದೇ ಕಾಲದ ನಮ್ಮ ಕಡೆಯ ಕಥೆ ನಿಮಗೆಲ್ಲ ಗೊತ್ತಿರೋದೇ. 1934ರಲ್ಲಿ ಬಾಬಾಸಾಹೇಬರು ಚಳವಳಿಯ ಸಂಗಾತಿಗಳ ಜೊತೆ ದೌಲತಾಬಾದ್ ಕೋಟೆ ನೋಡೋಕೆ ಹೋದರು. ಸುಮ್ಮನೆ ಪ್ರವಾಸ. ದಾರಿಯ ಧೂಳು ಹತ್ತಿತ್ತು, ಬಾಗಿಲ ಬಳಿಯ ಕೊಳದಲ್ಲಿ ಮುಖ, ಕಾಲು ತೊಳೆದುಕೊಂಡರು. ನೀರು ಮೈಲಿಗೆ ಆಯ್ತು ಅಂತ ಜನ ಸೇರಿ ಕೂಗಾಡಿದರು. ಕೊನೆಗೆ ಒಳಗೆಲ್ಲೂ ನೀರು ಮುಟ್ಟಬಾರದು ಅಂತ ಷರತ್ತು ಹಾಕಿ, ಕಾವಲಿಗೆ ಬಂದೂಕಿನ ಸಿಪಾಯಿಯನ್ನ ಜೊತೆಗೆ ಕಳಿಸಿದರು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಇದೆಲ್ಲ ಇದೆ. ದೌಲತಾಬಾದ್ ಕೂಡ ಬೆಟ್ಟವೇ ಅಲ್ವಾ? ಅದಕ್ಕೂ ಏಳು ವರ್ಷ ಮೊದಲು ಮಹಾಡ್‌ನಲ್ಲಿ ಕೆರೆಗೆ ಇಳಿದು ನೀರು ಕುಡಿದ ಮನುಷ್ಯ ಅವರು. ಆ ಮನುಷ್ಯನಿಗೇ ಕೋಟೆ ಹತ್ತುವಾಗ ಬಾಯಾರಿದರೆ ಹನಿ ನೀರು ಮುಟ್ಟೋ ಹಾಗಿರಲಿಲ್ಲ.

ಇನ್ನು ಇವತ್ತಿನ ಮಾತಿಗೆ ಬರೋಣ. ಟ್ರೇಲಿನಲ್ಲಿ ತಿಂಗಳುಗಟ್ಟಲೆ ನಡೆದವರು ತಮ್ಮನ್ನ ತಾವೇ 'ಹೈಕರ್ ಟ್ರ್ಯಾಶ್' ಅಂತ ಹೆಮ್ಮೆಯಿಂದ ಕರ್ಕೊಳ್ತಾರೆ. ಟ್ರ್ಯಾಶ್ ಅಂದರೆ ಕಸ. ಹರಿದ ಬಟ್ಟೆ, ಮೈ ನಾತ, ಎಲ್ಲವೂ ಪದಕ ಇದ್ದ ಹಾಗೆ. ಊರಿಗೆ ಇಳಿದರೆ ಹೋಟೆಲಿನವರು ಮೂಗು ಮುಚ್ಚಿಕೊಂಡು ನಗ್ತಾರೆ, ಆದರೆ ಊಟ ಬಡಿಸ್ತಾರೆ. ಸ್ನಾನ ಮಾಡಿದರೆ ಆ ಕಸ ತೊಳೆದು ಹೋಗುತ್ತೆ, ಅದಕ್ಕೇ ಹೆಮ್ಮೆ. ಬೆಂಗಳೂರಿನ ಪೌರಕಾರ್ಮಿಕ ತಾಯಿಗೆ ನೀರು ಕೇಳಿದರೆ ಗೇಟಿನಾಚೆಯಿಂದ ಬಾಟಲಿಗೆ ಸುರಿಯೋ ಮನೆಗಳಿವೆ. ಆಕೆ ಎಷ್ಟು ಸಲ ಸ್ನಾನ ಮಾಡಿದರೆ ಗೇಟಿನೊಳಗೆ ಕರೀತೀರಿ?

ಊಟದ ಸಾಮಾನು ತರೋಕೆ ಟ್ರೇಲಿನವರು ರಸ್ತೆಗಿಳಿದು, ಹೆಬ್ಬೆರಳು ತೋರಿಸಿ ಸಿಕ್ಕ ಕಾರು ಹತ್ತುತ್ತಾರೆ. ಗಡ್ಡ ಬಿಟ್ಟ, ಕೊಳಕು ಬಟ್ಟೆಯ ಬಿಳಿಯನಿಗೆ ಅದು ಸಾಹಸ. ಅದೇ ವೇಷದಲ್ಲಿ ನಿಂತ ಕಪ್ಪು ಯುವಕನಿಗೆ ಮೊದಲು ಬರೋ ಯೋಚನೆ ಪೊಲೀಸರದ್ದು. 2016ರಲ್ಲಿ ರಹಾವಾ ಹೈಲೆ ಎಂಬ ಕಪ್ಪು ಲೇಖಕಿ ಒಬ್ಬರೇ ಈ ದಾರಿ ನಡೆದರು. ಒಂದೊಂದು ಗ್ರಾಂ ಲೆಕ್ಕ ಹಾಕಿ ಹೊರುವ ಆ ದಾರಿಯಲ್ಲಿ ಕಪ್ಪು ಲೇಖಕರ ಪುಸ್ತಕಗಳನ್ನ ಹೊತ್ತು ಒಯ್ದು ತಂಗುದಾಣಗಳಲ್ಲಿ ಬಿಟ್ಟು ಬಂದರು. ದಾರಿಯ ಊರುಗಳಲ್ಲಿ ಹಾರಾಡುತ್ತಿದ್ದ ಕಾನ್ಫೆಡರೇಟ್ ಬಾವುಟಗಳ ಬಗ್ಗೆಯೂ ಬರೆದರು. ಟ್ರೇಲಿನ ಹೆಸರು ಏನೇ ಇರಲಿ, ಬಣ್ಣ ಜೊತೆಗೇ ನಡೆಯುತ್ತೆ.

ಹಾಗಂತ 'ಇದೆಲ್ಲ ಹೊಟ್ಟೆ ತುಂಬಿದವರ ಶೋಕಿ, ನಮಗ್ಯಾಕೆ ಬೆಟ್ಟ' ಅನ್ನೋ ನಮ್ಮವರ ಮಾತನ್ನೂ ನಾನು ಒಪ್ಪಲ್ಲ ಕಣ್ರಪ್ಪ. 1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ ಈ ದಾರಿಯನ್ನ ಒಬ್ಬರೇ ನಡೆದು ಮುಗಿಸಿದರು. 11 ಮಕ್ಕಳನ್ನ ಹೆತ್ತು, ಗಂಡನ ಹೊಡೆತ ತಿಂದು ಬದುಕಿದ್ದ ರೈತ ಹೆಣ್ಣುಮಗಳು. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ಕೈಯಲ್ಲಿ ಹೊಲಿದ ಚೀಲ. ಟೆಂಟ್ ಇಲ್ಲ. 2014ರ ಮೇ 25ರಂದು 13 ವರ್ಷದ ಮಾಲಾವತ್ ಪೂರ್ಣ ಎವರೆಸ್ಟ್ ಹತ್ತಿದಳು. ಕೂಲಿ ಮಾಡೋ ಆದಿವಾಸಿ ಅಪ್ಪ-ಅಮ್ಮನ ಮಗಳು. ಅವಳ ಜೊತೆಗೇ ಹತ್ತಿದವನು ಖಮ್ಮಂ ಕಡೆಯ ದಲಿತ ಹುಡುಗ ಆನಂದ್ ಕುಮಾರ್. ಇಬ್ಬರೂ ಸಮಾಜ ಕಲ್ಯಾಣ ವಸತಿ ಶಾಲೆಯ ಮಕ್ಕಳು. ಸರ್ಕಾರದ ದುಡ್ಡಲ್ಲಿ ಭುವನಗಿರಿಯ ಬಂಡೆ ಮೇಲೆ, ಡಾರ್ಜಿಲಿಂಗ್‌ನಲ್ಲಿ ತರಬೇತಿ ಪಡೆದವರು. ಯಾವ ಬೆಟ್ಟವೂ ಅವರನ್ನ ಕೈಹಿಡಿದು ಕರೀಲಿಲ್ಲ. ಶಾಲೆ ಕಳಿಸಿತು, ಅವರು ಹತ್ತಿದರು.

ಹಾಗಾಗಿ ಕೇಳೋದಾದರೆ ಇದನ್ನ ಕೇಳೋಣ. ನಮ್ಮ ಹಾಸ್ಟೆಲ್ ಮಕ್ಕಳಿಗೆ ಗಟ್ಟಿ ಶೂ ಕೊಡಿ, ತರಬೇತಿ ಕೊಡಿ, ಬೆಟ್ಟಕ್ಕೆ ಕಳಿಸಿ. ದಣಿವಾರಿಸಿಕೊಳ್ಳೋದು, ಸುಮ್ಮನೆ ನಡೆಯೋದು, ಎತ್ತರದಲ್ಲಿ ನಿಂತು ದೂರ ನೋಡೋದು ನಮ್ಮ ಮಕ್ಕಳ ಹಕ್ಕು ಕೂಡ.

ಮತ್ತೆ ಫೋಟೊ ಹಾಕೋ ಗೆಳೆಯರಿಗೆ: ನೀವು ಟ್ರೇಲಿನಲ್ಲಿ ಕಂಡ ಸಮಾನತೆ ನಿಜ. ಅಪರಿಚಿತರ ಪಕ್ಕ ಮಲಗಿದ್ರಿ, ಒಂದೇ ಬುಗ್ಗೆಯ ನೀರು ಕುಡಿದ್ರಿ, ಯಾರ ಮನೆತನವನ್ನೂ ಕೇಳಲಿಲ್ಲ. ಬಹಳ ಸಂತೋಷ. ಅಂದ ಮೇಲೆ ನಿಮಗೆ ಅದು ಮಾಡೋಕೆ ಬರುತ್ತೆ ಅಂತಾಯ್ತು. ಇನ್ನು ರಜೆಯಲ್ಲಿ ಊರಿಗೆ ಬಂದಾಗ ನಿಮ್ಮ ಅಜ್ಜನ ಮನೆ ಜಗಲಿ ಮೇಲೆ, ನಿಮ್ಮ ಬಾವಿಕಟ್ಟೆ ಮೇಲೆ, ನಿಮ್ಮ ಊರಿನ ದೇವಸ್ಥಾನದ ಪಂಕ್ತಿಯಲ್ಲಿ ಅದನ್ನ ಮಾಡಿ ತೋರಿಸಿ. ಅದಕ್ಕೆ 3,500 ಕಿಲೋಮೀಟರ್ ನಡೀಬೇಕಾಗಿಲ್ಲ. ನಿಮ್ಮ ಮನೆಯಿಂದ ನಮ್ಮ ಕೇರಿಗೆ ಹತ್ತು ನಿಮಿಷದ ದಾರಿ.

ಜೈ ಭೀಮ್.